ಸಾಂಬ್ರಾದಿಂದ ಮರ್ಮಗೋವಾ ಬಂದರಿಗೆ ಬಾಡಿಗೆ ಗಾಡಿ: ಸೆಲ್ಫ್ ಡ್ರೈವ್ ಬೇಕೋ, ಡ್ರೈವರ್ ಸಮೇತ ಬೇಕೋ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದು ಗೋವಾದ ಮರ್ಮಗೋವಾ ಬಂದರಿನಲ್ಲಿ ಕ್ರೂಸ್ ಹತ್ತುವವರ ಮುಂದೆ ಎರಡು ದಾರಿಗಳಿವೆ: ಕೀಲಿ ಇಸಿದುಕೊಂಡು ತಾವೇ ಓಡಿಸುವ ಸೆಲ್ಫ್ ಡ್ರೈವ್, ಇಲ್ಲವೇ ಡ್ರೈವರ್ ಸಮೇತ ಬರುವ ಹಳದಿ ಬೋರ್ಡಿನ ಟ್ಯಾಕ್ಸಿ. ಈ ಪ್ರವಾಸಕ್ಕೆ ಟ್ಯಾಕ್ಸಿಯೇ ಸರಿ. ಹಡಗು ಇಳಿದ ಮೇಲೆ ಗೋವಾದಲ್ಲಿ ಎರಡು ಮೂರು ದಿನ ತಿರುಗಾಡುವ ಯೋಜನೆ ಇದ್ದರೆ ಮಾತ್ರ ಸೆಲ್ಫ್ ಡ್ರೈವ್ ಯೋಚಿಸಬಹುದು. ಬರೀ ಕ್ರೂಸ್‌ಗಾಗಿಯೇ ಹೊರಟವರು ಬೆಳಗಾವಿಗೆ ಬರುವ ಅಗತ್ಯವೇ ಇಲ್ಲ, ದಾಬೋಳಿ ವಿಮಾನ ನಿಲ್ದಾಣ ಬಂದರಿಗೆ ತೀರ ಹತ್ತಿರ. ಊರಿಗೆ ಬಂದು ಮನೆಯವರನ್ನು ಕೂಡಿಕೊಂಡು ಹೋಗುವವರಿಗೆ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ಸಾಂಬ್ರಾದಲ್ಲಿ ಜೊತೆಯಾಗುವವರಿಗೆ ಈ ವಿಮರ್ಶೆ.

ಮೊದಲು ದುಡ್ಡಿನ ವಿಷಯ. ಎಲ್ಲರೂ ಕೇಳುವುದು ಕಿಲೋಮೀಟರಿಗೆ ಎಷ್ಟು ಅಂತ. ಆದರೆ ಬಿಲ್ಲು ನಿಂತಿರುವುದು ದಿನದ ಕನಿಷ್ಠ ಕಿಲೋಮೀಟರ್ ಮೇಲೆ. ಹೊರ ಊರಿನ ಬಾಡಿಗೆಗೆ ದಿನಕ್ಕೆ 250 ಅಥವಾ 300 ಕಿ.ಮೀ. ಕನಿಷ್ಠ ಎಂದು ಹಿಡಿಯುವುದು ವಾಡಿಕೆ. ಸಾಂಬ್ರಾದಿಂದ ಬಂದರಿಗೆ ಚೋರ್ಲಾ ಘಟ್ಟದ ಮೇಲೆ ಹೋದರೆ ಸುಮಾರು 140 ಕಿ.ಮೀ. ಟ್ಯಾಕ್ಸಿ ನಿಮ್ಮನ್ನು ಬಿಟ್ಟು ಖಾಲಿ ವಾಪಸ್ ಬರಬೇಕು, ಆ ದೂರವೂ ನಿಮ್ಮದೇ. ಒಟ್ಟು 280 ಆಗುತ್ತದೆ, ಅಂದರೆ ಒಂದು ದಿನದ 300ರೊಳಗೇ ಮುಗಿಯುತ್ತದೆ. ಕಿಲೋಮೀಟರಿಗೆ 14 ರೂಪಾಯಿ ಎಂದಿಟ್ಟುಕೊಂಡರೆ 4,200, ಡ್ರೈವರ್ ಭತ್ಯೆ 400 ಸೇರಿ 4,600. ಕರೆತರಲು ಮತ್ತೊಮ್ಮೆ ಅಷ್ಟೇ. ಹೋಗಿ ಬರುವುದಕ್ಕೆ 9,200.

ಇದನ್ನೇ "4 ದಿನದ ಗೋವಾ ಟ್ರಿಪ್" ಎಂದು ಬುಕ್ ಮಾಡಿದರೆ ಕಥೆ ಬೇರೆ. ಗಾಡಿ ಓಡಲಿ, ನಿಂತಿರಲಿ, ದಿನಕ್ಕೆ 300ರಂತೆ 4 ದಿನಕ್ಕೆ 1,200 ಕಿ.ಮೀ. ಲೆಕ್ಕ ಬೀಳುತ್ತದೆ. ಅದೇ 14 ರೂಪಾಯಿ ದರದಲ್ಲಿ 16,800, ಭತ್ಯೆ ಬೇರೆ. ನೀವು ಸಮುದ್ರದ ಮೇಲಿರುವಾಗ ಡ್ರೈವರ್ ಬಂದರಿನ ಪಕ್ಕದ ಊರಾದ ವಾಸ್ಕೊದಲ್ಲಿ ಸುಮ್ಮನೆ ಕೂತಿರುತ್ತಾರೆ. ಆದ್ದರಿಂದ ಬಿಡುವುದು ಒಂದು ದಿನದ ಟ್ರಿಪ್, ಕರೆತರುವುದು ಇನ್ನೊಂದು ದಿನದ ಟ್ರಿಪ್ ಎಂದು ಬಿಡಿಸಿ ಹೇಳಿ, ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಎರಡನ್ನೂ ಮೊದಲೇ, ಒಂದೇ ಏಜೆನ್ಸಿಯಲ್ಲಿ ಬುಕ್ ಮಾಡುವುದು ಮುಖ್ಯ. ಹೊರ ರಾಜ್ಯದ ಟ್ಯಾಕ್ಸಿಗಳು ಗೋವಾದೊಳಗೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದಕ್ಕೆ ಅಲ್ಲಿನ ಟ್ಯಾಕ್ಸಿಯವರ ವಿರೋಧವಿದೆ. ಹೋಗಿ ಬರುವ ಬುಕಿಂಗ್ ಪತ್ರ ಕೈಯಲ್ಲಿದ್ದರೆ ಬಂದರಿನ ಹೊರಗೆ ತಕರಾರು ಕಡಿಮೆ.

ಈಗ ಸೆಲ್ಫ್ ಡ್ರೈವ್. ದಿನಕ್ಕೆ 2,500 ಎಂದುಕೊಳ್ಳಿ. 3 ರಾತ್ರಿಯ ಕ್ರೂಸ್‌ಗೆ 4 ದಿನದ ಬಾಡಿಗೆ 10,000. ಲೀಟರಿಗೆ 15 ಕಿ.ಮೀ. ಕೊಟ್ಟರೆ ಹೋಗಿ ಬರಲು ಸುಮಾರು 19 ಲೀಟರ್ ಪೆಟ್ರೋಲ್ ಬೇಕು. ನಡುವಿನ ದಿನಗಳಲ್ಲಿ ಗಾಡಿ ನಿಲ್ಲಿಸುವ ಜಾಗದ ಖರ್ಚು ಇನ್ನೊಂದು. ಬಂದರಿನೊಳಗೆ ನಾಲ್ಕು ದಿನ ಗಾಡಿ ಬಿಟ್ಟು ಹೋಗಬಹುದು ಎಂಬ ಭರವಸೆ ಇಟ್ಟುಕೊಳ್ಳಬೇಡಿ. ವಾಸ್ಕೊದ ಯಾವುದಾದರೂ ಲಾಡ್ಜಿನಲ್ಲಿ ಹಿಂದಿನ ರಾತ್ರಿ ಉಳಿದು, ಅಲ್ಲೇ ಗಾಡಿ ಇಡಲು ಒಪ್ಪಿಸಿಕೊಂಡರೆ ವಾಸಿ. ಬೆಳಗಾವಿಯಲ್ಲಿ ತೆಗೆದುಕೊಂಡು ಗೋವಾದಲ್ಲಿ ಕೀಲಿ ಕೊಡುತ್ತೇವೆ ಅಂದರೆ ಹೆಚ್ಚಿನ ಏಜೆನ್ಸಿಗಳು ಒಪ್ಪುವುದಿಲ್ಲ, ಒಪ್ಪಿದವರು ಗಾಡಿ ಹಿಂದಕ್ಕೆ ತರುವ ಖರ್ಚನ್ನು ನಿಮ್ಮ ಮೇಲೇ ಹಾಕುತ್ತಾರೆ.

ಸೆಲ್ಫ್ ಡ್ರೈವ್ ಆರಿಸಿಕೊಂಡರೆ ಮೊದಲು ನೋಡಬೇಕಾದ್ದು ನಂಬರ್ ಪ್ಲೇಟು. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ ಕೊಡಲು ಪರವಾನಗಿ ಇರುವ ಗಾಡಿ. ಬಿಳಿ ಬೋರ್ಡಿನ ಮನೆ ಗಾಡಿಯನ್ನು ಐದಾರು ನೂರು ಕಡಿಮೆಗೆ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಅದನ್ನು ಮುಟ್ಟಲೇಬಾರದು. ಖಾಸಗಿ ವಿಮೆ ಬಾಡಿಗೆ ಬಳಕೆಗೆ ಅನ್ವಯಿಸುವುದಿಲ್ಲ, ಘಟ್ಟದಲ್ಲಿ ಅಪಘಾತವಾದರೆ ಕಂಪನಿ ಕ್ಲೇಮು ತಿರಸ್ಕರಿಸುತ್ತದೆ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 192ಎ ಕಲಮಿನಡಿ ಮೊದಲ ಸಲಕ್ಕೇ 10,000 ರೂಪಾಯಿ ದಂಡವಿದೆ. ಗೋವಾದಲ್ಲಿ ಈ ತಪಾಸಣೆ ನಡೆಯುತ್ತಲೇ ಇರುತ್ತದೆ, ಅದರಲ್ಲೂ ಕೆಎ ನಂಬರಿನ ಗಾಡಿ ಬೇಗ ಕಣ್ಣಿಗೆ ಬೀಳುತ್ತದೆ.

ಕೀಲಿ ಇಸಿದುಕೊಳ್ಳುವ ಮುನ್ನ ಗಾಡಿಯ ಸುತ್ತ ಒಂದು ವಿಡಿಯೊ ತೆಗೆಯಿರಿ. ಬಾಗಿಲು, ಬಂಪರ್ ಎಲ್ಲರೂ ತೆಗೆಯುತ್ತಾರೆ. ತಪ್ಪಿಹೋಗುವುದು ನಾಲ್ಕು ಚಕ್ರದ ರಿಮ್ಮು, ಟೈರಿನ ಬದಿ (ಸೈಡ್‌ವಾಲ್) ಮತ್ತು ಗಾಡಿಯ ತಳ. ಚೋರ್ಲಾದ ಗುಂಡಿಗೆ ಬಿದ್ದಾಗ ಪೆಟ್ಟು ತಿನ್ನುವುದು ಇವೇ, ಬಾಡಿಗೆ ಕರಾರಿನ ವಿಮೆಯಲ್ಲಿ ಹೊರಗಿಡುವುದೂ ಸಾಮಾನ್ಯವಾಗಿ ಇವನ್ನೇ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ, ಜಾಕು ಮತ್ತು ಪಾನಾ ಇವೆಯೇ ಎಂದು ಕಣ್ಣಾರೆ ನೋಡಿ. ಚೋರ್ಲಾ ದಾರಿಯ ಜಾಂಬೋಟಿ ದಾಟಿದ ಮೇಲೆ ಪಂಕ್ಚರ್ ಅಂಗಡಿಯೂ ವಿರಳ, ಮೊಬೈಲ್ ಸಿಗ್ನಲ್ಲೂ ವಿರಳ. ಇದೇ ಕಾರಣಕ್ಕೆ ನಕಾಶೆಯನ್ನು ಬೆಳಗಾವಿಯಲ್ಲಿಯೇ ಡೌನ್‌ಲೋಡ್ ಮಾಡಿಕೊಳ್ಳಬೇಕು, ಸ್ವಲ್ಪ ನಗದು ಇಟ್ಟುಕೊಂಡಿರಬೇಕು. ಸಿಗ್ನಲ್ ಇಲ್ಲದ ಕಡೆ ಯುಪಿಐ ನಡೆಯುವುದಿಲ್ಲ.

ಗಾಡಿ ಯಾವುದಿರಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಕ್ರೂಸ್‌ಗೆ ಹೊರಟವರ ಹತ್ತಿರ ದೊಡ್ಡ ಟ್ರಾಲಿ ಬ್ಯಾಗುಗಳಿರುತ್ತವೆ. ಡಿಸೈರ್‌ನ ಡಿಕ್ಕಿ ಸುಮಾರು 380 ಲೀಟರ್ ಎಂದು ಕಾಗದದ ಮೇಲಿದೆ, ಆದರೆ ಟ್ಯಾಕ್ಸಿಗೆ ಬರುವ ಗಾಡಿ ಹೆಚ್ಚಾಗಿ ಸಿಎನ್‌ಜಿ. ಅದರಲ್ಲಿ ಸಿಲಿಂಡರೇ ಡಿಕ್ಕಿಯನ್ನು ತುಂಬಿಕೊಂಡು, ಮೆತ್ತನೆಯ ಚೀಲಗಳಿಗಷ್ಟೇ ಜಾಗ ಉಳಿಯುತ್ತದೆ. ಎರ್ಟಿಗಾದಲ್ಲಿ ಮೂರೂ ಸಾಲು ಬಳಸಿದರೆ ಡಿಕ್ಕಿ ಬರೀ 209 ಲೀಟರ್. "ಏಳು ಸೀಟು" ಎಂದು ನಂಬಿ ಏಳು ಜನ, ಏಳು ಬ್ಯಾಗು ಹೊರಟರೆ ಕಾಲ ಮೇಲೆ ಬ್ಯಾಗು ಇಟ್ಟುಕೊಂಡೇ ಹೋಗಬೇಕು. ನಾಲ್ಕು ಜನಕ್ಕೆ ಎರ್ಟಿಗಾ, ಹಿಂದಿನ ಸಾಲು ಮಡಚಿ. ಆರು ಜನಕ್ಕೆ ಇನ್ನೋವಾ, ಮೇಲೆ ಕ್ಯಾರಿಯರ್ ಮತ್ತು ಟಾರ್ಪಾಲು ಇರುವಂಥದ್ದು. ಬುಕ್ ಮಾಡುವಾಗ "ಡಿಕ್ಕಿಯೊಳಗಿನ ಫೋಟೊ ಕಳಿಸಿ" ಎಂದು ಕೇಳಿ, ಒಳ್ಳೆಯ ಏಜೆನ್ಸಿಯವರು ಬೇಸರವಿಲ್ಲದೆ ಕಳಿಸುತ್ತಾರೆ.

ದಾರಿಯ ವಿಷಯಕ್ಕೆ ಬಂದರೆ, ಮೊದಲ ತೊಡಕು ಬೆಳಗಾವಿ ನಗರವೇ. ಸಾಂಬ್ರಾ ಇರುವುದು ಊರಿನ ಪೂರ್ವಕ್ಕೆ, ಬಾಗಲಕೋಟೆ ರಸ್ತೆಯಲ್ಲಿ. ಗೋವಾಕ್ಕೆ ಹೊರಡುವ ರಸ್ತೆ ಊರಿನ ಇನ್ನೊಂದು ತುದಿಗೆ. ಊರು ಸೀಳಿಕೊಂಡು ಟಿಳಕವಾಡಿ, ಉದ್ಯಮಬಾಗ ದಾಟಿ ಪೀರನವಾಡಿಯಲ್ಲಿ ಜಾಂಬೋಟಿ ಕಡೆ ತಿರುಗಬೇಕು. ಬೆಳಗಿನ ಶಾಲೆ, ಕಚೇರಿ ಹೊತ್ತಿನಲ್ಲಿ ಇಷ್ಟಕ್ಕೇ ಒಂದು ತಾಸು ಇಡಿ. ಅಲ್ಲಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ, ಘಟ್ಟ ಇಳಿದರೆ ಕೇರಿ, ಮುಂದೆ ಸಾಖಳಿ. ಕಣಕುಂಬಿ ನಮ್ಮ ಮಲಪ್ರಭೆ ಹುಟ್ಟುವ ಊರು, ಹೊತ್ತು ಇದ್ದರೆ ಹತ್ತು ನಿಮಿಷ ನಿಲ್ಲಲು ಯೋಗ್ಯ. ಸಾಖಳಿಯಿಂದ ಪಣಜಿಗೆ ಹೋಗುವ ಅಗತ್ಯವಿಲ್ಲ. ಫೋಂಡಾ, ಬೋರಿ ಸೇತುವೆ, ವೆರ್ಣಾ ಮೇಲೆ ವಾಸ್ಕೊ ಸೇರಬಹುದು. ಬೋರಿ ಸೇತುವೆ ಕಿರಿದು, ಬೆಳಿಗ್ಗೆ ಸಂಜೆ ಅಲ್ಲಿ ಗಾಡಿಗಳು ಸಾಲುಗಟ್ಟುತ್ತವೆ. ಆ ಹೊತ್ತಿಗೆ ತಲುಪುವಂತಿದ್ದರೆ ಹಳೆ ಗೋವಾ ಕಡೆಯಿಂದ ಬಂದು ಹೊಸ ಜುವಾರಿ ಸೇತುವೆ ದಾಟುವುದು ಲೇಸು.

ಇನ್ನೊಂದು ದಾರಿ ಖಾನಾಪುರ, ರಾಮನಗರ, ಅನಮೋಡ, ಮೊಲೆಂ, ಫೋಂಡಾ. ಖಾನಾಪುರದ ತನಕ ಹೆದ್ದಾರಿ ಚೆನ್ನಾಗಿದೆ, ಗಣೇಬೈಲ್‌ನಲ್ಲಿ ಟೋಲ್ ಇದೆ, ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. ದೂರ ತುಸು ಹೆಚ್ಚು, ಭಾರಿ ಲಾರಿಗಳೂ ಹೆಚ್ಚು. ಚೋರ್ಲಾ ಬಂದ್ ಆದಾಗ ಇದು ಆಸರೆ.

ಕ್ರೂಸ್ ಹಂಗಾಮು ಮಳೆಗಾಲ ಮುಗಿದ ಮೇಲೆ ಶುರುವಾಗುವುದರಿಂದ ಘಟ್ಟದ ಮಳೆಯ ಭಯ ಅಷ್ಟಿಲ್ಲ. ಆದರೆ ಚೋರ್ಲಾ ರಸ್ತೆ ಅತಿ ಹಾಳಾಗಿರುವುದು ಆ ಆರಂಭದ ದಿನಗಳಲ್ಲೇ. ನಾಲ್ಕು ತಿಂಗಳ ಮಳೆ ಡಾಂಬರು ಕಿತ್ತಿರುತ್ತದೆ, ದುರಸ್ತಿ ಇನ್ನೂ ಶುರುವಾಗಿರುವುದಿಲ್ಲ. ಅಕ್ಟೋಬರಿನ ಪ್ರಯಾಣಕ್ಕೆ ಒಂದು ತಾಸು ಹೆಚ್ಚು ಹಿಡಿಯಿರಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವ ಚಟ ಕೆಲವರಿಗಿದೆ. ಎಂಜಿನ್ನಿನ ತಡೆ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಎರಡನೇ ಗೇರಿನಲ್ಲಿ ಇಳಿಯಬೇಕು, ಆಟೊಮ್ಯಾಟಿಕ್ ಆದರೆ ಮ್ಯಾನುವಲ್ ಮೋಡ್‌ಗೆ ಹಾಕಬೇಕು. ಡ್ರೈವರ್ ನ್ಯೂಟ್ರಲ್ ಮಾಡಿದ್ದು ಕಂಡರೆ ಸಂಕೋಚಪಡದೆ "ಅಣ್ಣಾ, ಗೇರಿನಾಗ ಇಳಸ್ರಿ" ಅನ್ನಿ.

ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಟಿಕೆಟ್‌ನಲ್ಲಿ ದೊಡ್ಡದಾಗಿ ಕಾಣುವುದು ಹಡಗು ಬಿಡುವ ಹೊತ್ತು, ಬೇಕಾದ್ದು ಚೆಕ್-ಇನ್ ಮುಚ್ಚುವ ಹೊತ್ತು. ಅದು ಕೆಲವು ತಾಸು ಮೊದಲೇ ಇರುತ್ತದೆ. ಸಾಂಬ್ರಾದಿಂದ ರಸ್ತೆ ಸರಿಯಿದ್ದಾಗಲೇ ನಾಲ್ಕು ತಾಸು ಬೇಕು, ಐದು ಇಟ್ಟುಕೊಳ್ಳಿ. ಮಧ್ಯಾಹ್ನ 2ಕ್ಕೆ ಚೆಕ್-ಇನ್ ಮುಚ್ಚಿದರೆ ಬೆಳಿಗ್ಗೆ 9ಕ್ಕೆ ಗಾಡಿ ಹೊರಟಿರಬೇಕು. ಅದೇ ದಿನದ ವಿಮಾನ ನಂಬಿ ಹಡಗು ಹಿಡಿಯುವ ಯೋಜನೆ ಬೇಡ. ವಿಮಾನ ಒಂದೂವರೆ ತಾಸು ತಡವಾದರೂ ಸಾಕು, ಹಡಗು ಯಾರಿಗೂ ಕಾಯುವುದಿಲ್ಲ, ಟಿಕೆಟ್ ದುಡ್ಡೂ ವಾಪಸ್ ಬರುವುದಿಲ್ಲ. ಹಿಂದಿನ ದಿನ ಇಳಿದು ಬೆಳಗಾವಿಯಲ್ಲೋ ವಾಸ್ಕೊದಲ್ಲೋ ರಾತ್ರಿ ಕಳೆಯಿರಿ. ಸಾಮಾನು ಕಡಿಮೆ ಇದ್ದವರಿಗೆ ಬೆಳಗಾವಿಯಿಂದ ವಾಸ್ಕೊ ತನಕ ಗೋವಾ ಎಕ್ಸ್‌ಪ್ರೆಸ್ ರೈಲೂ ಇದೆ.

ಡ್ರೈವರ್‌ಗೆ ಬಂದರಿನ ಹೆಸರು ಸ್ಪಷ್ಟವಾಗಿ ಹೇಳಿ. ಬರೀ "ಗೋವಾ ಕ್ರೂಸ್" ಎಂದರೆ ಅವರು ಪಣಜಿಯ ಮಾಂಡವಿ ನದಿಯ ಸಂಜೆ ದೋಣಿ ಎಂದು ತಿಳಿದು ಅಲ್ಲಿನ ಜೆಟ್ಟಿಗೆ ಒಯ್ಯುತ್ತಾರೆ. ಅಲ್ಲಿಂದ ಮರ್ಮಗೋವಾ ಮತ್ತೆ 30 ಕಿ.ಮೀ.ಗೂ ಹೆಚ್ಚು. "ವಾಸ್ಕೊ ದಾಟಿ ಮರ್ಮಗೋವಾ ಬಂದರು, ಕ್ರೂಸ್ ಟರ್ಮಿನಲ್" ಎಂದು ಹೇಳಿ ಲೊಕೇಶನ್ ಕಳಿಸಿ. ಗೇಟಿನಲ್ಲಿ ಭದ್ರತಾ ತಪಾಸಣೆ ಇರುತ್ತದೆ. ಎಲ್ಲರ ಟಿಕೆಟ್ ಮತ್ತು ಗುರುತಿನ ಚೀಟಿ ಡಿಕ್ಕಿಯ ಬ್ಯಾಗಿನಲ್ಲಿ ಬೇಡ, ಕೈಯಲ್ಲಿರಲಿ. ಊರಿಂದ ಕಟ್ಟಿಕೊಂಡ ಕುಂದಾ, ಕರದಂಟು ದಾರಿಯಲ್ಲೇ ಮುಗಿಸಿ, ಹೊರಗಿನ ತಿಂಡಿಯನ್ನು ಹಡಗಿಗೆ ಸಾಮಾನ್ಯವಾಗಿ ಬಿಡುವುದಿಲ್ಲ.

ವಾಪಸ್ ಬರುವಾಗ ಎರಡು ಮಾತು. ಗೋವಾದಲ್ಲಿ ಪೆಟ್ರೋಲ್ ಕರ್ನಾಟಕಕ್ಕಿಂತ ಅಗ್ಗ, ಸೆಲ್ಫ್ ಡ್ರೈವ್ ಗಾಡಿಯನ್ನು ಟ್ಯಾಂಕ್ ತುಂಬಿಸಿ ಕೊಡುವ ಕರಾರಿದ್ದರೆ ಸಾಖಳಿಯಲ್ಲೇ ತುಂಬಿಸಿ. ಗೋವಾದ ಮದ್ಯದ ಬಾಟಲಿಗಳನ್ನು ಪರ್ಮಿಟ್ ಇಲ್ಲದೆ ತರಬೇಡಿ. ಕಣಕುಂಬಿಯಲ್ಲೂ ಅನಮೋಡದಲ್ಲೂ ಅಬಕಾರಿ ತಪಾಸಣಾ ಠಾಣೆ ಇದೆ. ಸಿಕ್ಕರೆ ಬಾಟಲಿಯ ಜೊತೆಗೆ ಗಾಡಿಯೂ ಜಪ್ತಿಯಾಗುತ್ತದೆ. ಟ್ಯಾಕ್ಸಿಯಾದರೆ ಅದು ಡ್ರೈವರಿನ ದುಡಿಮೆಯ ಗಾಡಿ, ಬಿಡಿಸಿಕೊಳ್ಳುವ ತನಕ ಅವರ ಮನೆ ನಡೆಯುವುದಿಲ್ಲ. ಸೆಲ್ಫ್ ಡ್ರೈವ್ ಆದರೆ ಗಾಡಿ ಠಾಣೆಯಲ್ಲಿ ನಿಂತಷ್ಟು ದಿನದ ಬಾಡಿಗೆಯನ್ನು ಏಜೆನ್ಸಿ ನಿಮ್ಮ ಡಿಪಾಸಿಟ್‌ನಿಂದಲೇ ಮುರಿದುಕೊಳ್ಳಬಹುದು.