ಥಾಂಪ್ಸನ್/ಸೆಂಟರ್ ಹಾಕೆನ್ .50: ಹಳೆಯ ಕೇಪಿನ ರೈಫಲ್ಲಿನ ದೀರ್ಘಕಾಲದ ಬಳಕೆಯ ವಿಮರ್ಶೆ

ನಳಿಗೆಯ ಬಾಯಿಯಿಂದಲೇ ಮದ್ದು, ಗುಂಡು ತುಂಬುವ, ಕೇಪು ಎಂಬ ಪುಟ್ಟ ಸಿಡಿಮದ್ದಿನ ಟೋಪಿಯಿಂದ ಹೊತ್ತಿಸುವ, ಕಾರ್ಖಾನೆಯಲ್ಲಿ ತಯಾರಾದ ಹಳೆಯ ರೈಫಲ್ ಕೊಳ್ಳಬೇಕೆಂದಿರುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. 1970 ಮತ್ತು 80ರ ದಶಕಗಳಲ್ಲಿ ಅಮೆರಿಕದಲ್ಲಿ ತಯಾರಾದ ಥಾಂಪ್ಸನ್/ಸೆಂಟರ್ ಹಾಕೆನ್ ಇಂದಿಗೂ ಹಣಕ್ಕೆ ತಕ್ಕ ಕೋವಿ. ಆದರೆ ಅದರ ಗುಣ ತಯಾರಕರ ಕೈಚಳಕಕ್ಕಿಂತ ಹೆಚ್ಚಾಗಿ ಹಿಂದಿನ ಮಾಲೀಕ ಅದನ್ನು ತೊಳೆದಿಟ್ಟ ಬಗೆಯನ್ನು ಅವಲಂಬಿಸಿದೆ. ಓಹಾಯೋದಲ್ಲಿ ನೆಲೆಸಿದ ಮೇಲೆ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ .50 ಕ್ಯಾಲಿಬರಿನ (ಅಂದರೆ ಅರ್ಧ ಇಂಚು ಒಳವ್ಯಾಸದ ನಳಿಗೆಯ) ಇಂಥ ರೈಫಲ್ಲನ್ನು ಹಲವು ವರ್ಷಗಳಿಂದ ಗುರಿ ಅಭ್ಯಾಸಕ್ಕೆ ಬಳಸುತ್ತ ಬಂದಿರುವ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ನ್ಯೂ ಹ್ಯಾಂಪ್‌ಶೈರಿನ ರಾಚೆಸ್ಟರ್‌ನಲ್ಲಿದ್ದ ಥಾಂಪ್ಸನ್/ಸೆಂಟರ್ ಕಂಪನಿಯು ಈ ಮಾದರಿಯನ್ನು 1970ರಲ್ಲಿ ಹೊರತಂದಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕೆನ್ ಸಹೋದರರು ಪಶ್ಚಿಮದ ಬೆಟ್ಟಗಳಿಗೆ ಹೊರಟ ಬೇಟೆಗಾರರಿಗಾಗಿ ಮಾಡಿಕೊಡುತ್ತಿದ್ದ ರೈಫಲ್ಲುಗಳ ಹೆಸರನ್ನು ಇದು ಹೊತ್ತಿದೆಯಾದರೂ, ಅವುಗಳ ನಿಷ್ಠಾವಂತ ಪ್ರತಿಕೃತಿ ಖಂಡಿತ ಅಲ್ಲ. ಮೂಲದ ಕೋವಿಗಳು ಹೆಚ್ಚು ಭಾರವಾದ ನಳಿಗೆಯವು, ಕಬ್ಬಿಣದ ಸಜ್ಜಿನವು. ಇದರದು ಮಿರಮಿರನೆ ಹೊಳೆಯುವ ಹಿತ್ತಾಳೆ, ಸ್ಕ್ರೂ ತಿರುಗಿಸಿ ಸರಿಪಡಿಸಬಹುದಾದ ಆಧುನಿಕ ಗುರಿಕಣ್ಣು, ಸುತ್ತಿಗೆ ಬೀಳಿಸಿ ಕೇಪು ಸಿಡಿಸುವ ಲಾಕಿನೊಳಗೆ ಚಪ್ಪಟೆ ಸ್ಪ್ರಿಂಗಿನ ಬದಲು ಸುರುಳಿ ಸ್ಪ್ರಿಂಗ್. ಇತಿಹಾಸದ ನಿಖರತೆ ಬಯಸುವವರು ಇದನ್ನು ಕಂಡು ಮೂಗು ಮುರಿಯುವುದರಲ್ಲಿ ಅರ್ಥವಿದೆ. ಆದರೆ ಆ ಸುರುಳಿ ಸ್ಪ್ರಿಂಗ್ ಸುಲಭವಾಗಿ ಮುರಿಯುವಂಥದ್ದಲ್ಲ ಎಂಬುದು ದಶಕಗಳ ಬಳಕೆಯಲ್ಲಿ ಸಾಬೀತಾದ ಸಂಗತಿ, ಮತ್ತು ನನ್ನ ಮಟ್ಟಿಗೆ ಅದೇ ಮುಖ್ಯ.

28 ಇಂಚು ಉದ್ದದ ಎಂಟು ಮೂಲೆಯ ನಳಿಗೆ, ಅಮೆರಿಕನ್ ವಾಲ್‌ನಟ್ ಮರದ ಹಿಡಿ, ಒಟ್ಟು ಸುಮಾರು 8.5 ಪೌಂಡ್ ತೂಕ: ಹೊತ್ತು ನಡೆಯುವಾಗ ಇದು ಹೊರೆಯೇ, ನಿಂತು ಗುರಿಯಿಡುವಾಗ ಮಾತ್ರ ಆಸರೆ. ಇದರ ಜೋಡಿ ಟ್ರಿಗರಿನ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. ಹಿಂದಿನದನ್ನು ಎಳೆದು ಸಜ್ಜುಗೊಳಿಸಿದರೆ ಮುಂದಿನದು ಬೆರಳು ಸೋಕಿದಷ್ಟಕ್ಕೇ ಬಿಡುಗಡೆಯಾಗುತ್ತದೆ. ಸಜ್ಜುಗೊಳಿಸದೆಯೂ ಮುಂದಿನದನ್ನೇ ತುಸು ಬಲವಾಗಿ ಎಳೆದು ಈಡು ಹೊಡೆಯಬಹುದು.

ಈಗ ಕೊಳ್ಳುವ ವಿಚಾರ. ಹಳೆಯ ಕೇಪಿನ ಕೋವಿಯನ್ನು ಯಾರೇ ಕೈಗಿತ್ತರೂ ಮೊದಲು ಮಾಡಬೇಕಾದದ್ದು ಅದರೊಳಗೆ ಈಡು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಕೇಪು ಕೂರಿಸುವ ಸಣ್ಣ ಕೊಳವೆಯಾದ ನಿಪ್ಪಲ್ಲಿನ ಮೇಲೆ ಕೇಪಿಲ್ಲವೆಂದು ನೋಡಿಕೊಂಡು, ಬಾಯಿಗೆ ಮುಖವೊಡ್ಡದೆ, ಮದ್ದು ಗುಂಡುಗಳನ್ನು ಒಳಕ್ಕೆ ಜಡಿಯುವ ಗಜವನ್ನು ನಳಿಗೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಿ, ಹೊರತೆಗೆದು ನಳಿಗೆಯ ಹೊರಮೈಗೆ ಒರಗಿಸಿ ಹಿಡಿಯಬೇಕು. ಅದರ ತುದಿ ಹೆಚ್ಚುಕಡಿಮೆ ನಿಪ್ಪಲ್ಲಿನ ಸಮೀಪ ಬಂದರೆ ನಳಿಗೆ ಖಾಲಿ. ಒಂದೆರಡು ಇಂಚು ಹಿಂದೆಯೇ ನಿಂತರೆ ಒಳಗೇನೋ ಇದೆ. ಅಜ್ಜ ತೀರಿಕೊಂಡ ಮೇಲೆ ಮನೆಯವರು ಮಾರಲಿಕ್ಕಿಟ್ಟ ಕೋವಿಗಳಲ್ಲಿ ಹತ್ತಾರು ವರ್ಷ ಹಿಂದಿನ ಈಡು ಹಾಗೇ ಉಳಿದಿರುವುದು ಅಪರೂಪವೇನಲ್ಲ.

ಆಮೇಲೆ ನಳಿಗೆಯ ಒಳಗು. ಕಪ್ಪು ಮದ್ದು ಉರಿದು ಉಳಿಯುವ ಕಿಟ್ಟವು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಅದರ ಬದಲಿಗೆಂದು ಬಂದ ಪೈರೊಡೆಕ್ಸ್ ಈ ವಿಷಯದಲ್ಲಿ ಇನ್ನಷ್ಟು ಕೆಟ್ಟದ್ದು, ಏಕೆಂದರೆ ಅದರಲ್ಲಿ ಪರ್‌ಕ್ಲೋರೇಟ್ ಇದೆ. ಹೊರಗಿನ ಹಿತ್ತಾಳೆಯನ್ನು ಕನ್ನಡಿಯಂತೆ ಉಜ್ಜಿಟ್ಟವರ ನಳಿಗೆಯೊಳಗೂ, ಮದ್ದು ಕೂರುವ ಬುಡದ ಬಳಿ, ತುಕ್ಕಿನ ಗುಳಿಗಳಿರಬಹುದು. ಬಿಗಿಯಾದ ಒಣಬಟ್ಟೆಯನ್ನು ಗಜಕ್ಕೆ ಕಟ್ಟಿ ನಿಧಾನವಾಗಿ ಇಳಿಸಿದರೆ ಕಣ್ಣಿಗೆ ಕಾಣದ ಗುಳಿ ಕೈಗೆ ತಿಳಿಯುತ್ತದೆ: ಬಟ್ಟೆ ತಡೆಯುವ ಜಾಗ, ಮತ್ತು ಹೊರಬಂದಾಗ ಅದರ ಮೇಲಿನ ಕೆಂಪು ಕಲೆ. ತುದಿಯಲ್ಲಿ ಬಲ್ಬ್ ಇರುವ ಸಣ್ಣ ದೀಪವನ್ನೂ ಇಳಿಬಿಟ್ಟು ನೋಡಬೇಕು. ಹಿಡಿಯಲ್ಲಿ ಕೈ ಹಿಡಿಯುವ ಸಪೂರ ಭಾಗವನ್ನೂ ಲಾಕಿನ ಸುತ್ತಲಿನ ಮರವನ್ನೂ ಬಿರುಕಿಗಾಗಿ ಪರೀಕ್ಷಿಸಬೇಕು. ಬಿಡಿಭಾಗಗಳ ಕಿಟ್ ರೂಪದಲ್ಲೂ ಈ ರೈಫಲ್ ಮಾರಾಟವಾಗುತ್ತಿದ್ದುದರಿಂದ, ಕೊಂಡವರೇ ಮನೆಯಲ್ಲಿ ಜೋಡಿಸಿದ ಕೋವಿಗಳು ಬಹಳ ಇವೆ. ಅವುಗಳಲ್ಲಿ ಕೆಲವು ಕಾರ್ಖಾನೆಯ ಕೆಲಸಕ್ಕಿಂತ ಮೇಲು, ಹಲವು ಅಲ್ಲ.

ಗುಂಡನ್ನು ತಿರುಗಿಸಲೆಂದು ಇದರ ನಳಿಗೆಯೊಳಗೆ ಕೊರೆದ ಗೀರು 48 ಇಂಚಿಗೆ ಒಂದು ಸುತ್ತು ತಿರುಗುತ್ತದೆ, ಆಳವೂ ಕಡಿಮೆ. ಬಟ್ಟೆ ಸುತ್ತಿದ ದುಂಡು ಗುಂಡು, ಕಂಪನಿಯದೇ ಆದ ಉದ್ದನೆಯ ಮ್ಯಾಕ್ಸಿ-ಬಾಲ್, ಎರಡಕ್ಕೂ ಒದಗಲಿ ಎಂಬ ರಾಜಿ ಇದು. ಹಾಗಾಗಿ ದುಂಡು ಗುಂಡಿಗೇ ಮೀಸಲಾದ, ಆಳ ಗೀರಿನ, ನಿಧಾನ ತಿರುವಿನ ನಳಿಗೆಗಳಷ್ಟು ಮದ್ದನ್ನು ಇದು ತಾಳಿಕೊಳ್ಳುವುದಿಲ್ಲ. 0.490 ಇಂಚಿನ ಸೀಸದ ಗುಂಡಿಗೆ 0.015 ಇಂಚು ದಪ್ಪದ ಬಟ್ಟೆ ವಾಡಿಕೆ. ನನ್ನ ನಳಿಗೆಗೆ 0.018ರ ದಪ್ಪ ಹತ್ತಿಬಟ್ಟೆಯೂ 60 ಗ್ರೇನ್ (ಸುಮಾರು 4 ಗ್ರಾಂ) ಎರಡು ಎಫ್ ಎಂಬ ಮಧ್ಯಮ ಕಾಳಿನ ಮದ್ದೂ ಹೊಂದಿಕೊಂಡಿವೆ. 50 ಯಾರ್ಡ್ ದೂರದಲ್ಲಿ ಈಡುಗಳು ಒಂದರ ಪಕ್ಕ ಒಂದು ಬೀಳುತ್ತವೆ; 100 ಯಾರ್ಡ್ ಆದಾಗ ನನ್ನ ಕಣ್ಣೇ ಮೊದಲು ಸೋಲುತ್ತದೆ. ಗುರಿ ತಪ್ಪತೊಡಗಿದರೆ ಗುರಿಹಲಗೆಗಿಂತ ಮೊದಲು ನೆಲ ನೋಡಬೇಕು, ಏಕೆಂದರೆ ಹಾರಿಬಿದ್ದ ಬಟ್ಟೆಯೇ ಎಲ್ಲವನ್ನೂ ಹೇಳುತ್ತದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು ಇಲ್ಲವೇ ಮದ್ದು ಹೆಚ್ಚಾಯಿತು. ಸುತ್ತಲೂ ಕತ್ತರಿಸಿದಂತಿದ್ದರೆ ಗೀರಿನ ಅಂಚು ಹರಿತವಿದೆ ಅಥವಾ ತುಕ್ಕಿನ ಗುಳಿಗಳು ಬಟ್ಟೆಯನ್ನು ಹರಿಯುತ್ತಿವೆ. ಮಲೆನಾಡಿನ ಒಂಟಿನಳಿಗೆಯ ಕೇಪಿನ ಕೋವಿಗೆ ತೆಂಗಿನ ನಾರು ಜಡಿದು ಚರೆ ತುಂಬುವುದನ್ನು ಕಂಡವರಿಗೆ ಇಷ್ಟೊಂದು ಬಟ್ಟೆಯ ಚರ್ಚೆ ವಿಚಿತ್ರವೆನಿಸೀತು. ಆದರೆ ಅದರ ನಳಿಗೆಯಲ್ಲಿ ಗೀರಿಲ್ಲ, ಇಲ್ಲಿ ಗೀರನ್ನು ಹಿಡಿದು ಗುಂಡನ್ನು ತಿರುಗಿಸುವುದೇ ಆ ಬಟ್ಟೆ.

ಬಳಕೆದಾರರು ತಿಳಿದಿರಲೇಬೇಕಾದ ಒಂದು ರಚನಾ ವಿಶೇಷವಿದೆ. ನಳಿಗೆಯ ಬುಡದಲ್ಲಿ ಮದ್ದು ಕೂರುವ ಕುಳಿಯು ನಳಿಗೆಗಿಂತ ಕಿರಿದು, ಅಲ್ಲಿಂದ ನಿಪ್ಪಲ್ಲಿಗೆ ಕಿಡಿ ಬರುವ ದಾರಿ ಇನ್ನೂ ಕಿರಿದು. .50ರ ಬ್ರಷ್ ಆ ಕುಳಿಯನ್ನು ಮುಟ್ಟುವುದೇ ಇಲ್ಲ. ಕೇಪು ಸಿಡಿದರೂ ಮದ್ದು ಹೊತ್ತದಿರುವ ದೂರುಗಳಲ್ಲಿ ಬಹುಪಾಲಿಗೆ ಅಲ್ಲಿ ಗಟ್ಟಿಯಾದ ಎಣ್ಣೆ ಮತ್ತು ಕಿಟ್ಟವೇ ಕಾರಣ. ಚಿಕ್ಕ ಕ್ಯಾಲಿಬರಿನ ಬ್ರಷ್ ಇಟ್ಟುಕೊಳ್ಳುವುದು, ಮತ್ತು ಮದ್ದು ತುಂಬುವ ಮೊದಲು ಒಂದೆರಡು ಬರಿ ಕೇಪು ಸಿಡಿಸಿ ದಾರಿ ಒಣಗಿಸಿಕೊಳ್ಳುವುದು, ಇವೆರಡರಿಂದ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ತೊಳೆಯುವ ಕೆಲಸವನ್ನು ಇದರ ಕೊಕ್ಕೆ ಬುಡ, ಅಂದರೆ ಹಿಡಿಗೆ ಕೊಕ್ಕೆಯಿಂದ ಸಿಕ್ಕಿಕೊಳ್ಳುವ ನಳಿಗೆಯ ಬುಡ, ಹಗುರಗೊಳಿಸಿದೆ. ಬೆಣೆ ಹೊಡೆದು ತೆಗೆದರೆ ನಳಿಗೆ ಇಡಿಯಾಗಿ ಮೇಲೆದ್ದು ಬರುತ್ತದೆ. ನಿಪ್ಪಲ್ ಬಿಚ್ಚಿ, ಬುಡವನ್ನು ಬಕೆಟ್ ನೀರಿನಲ್ಲಿಟ್ಟು, ಗಜಕ್ಕೆ ಬಟ್ಟೆ ಸಿಕ್ಕಿಸಿ ಮೇಲೆ ಕೆಳಗೆ ಆಡಿಸಿದರೆ ನೀರು ತಾನಾಗಿ ಒಳಗೆ ಹೊರಗೆ ಓಡಾಡುತ್ತದೆ. ನೀರೇ ಸಾಕು, ದುಬಾರಿ ದ್ರಾವಣಗಳು ಬೇಕಿಲ್ಲ. ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಮರುದಿನ ಇನ್ನೊಮ್ಮೆ ಬಿಳಿ ಬಟ್ಟೆ ಇಳಿಸಿ ನೋಡಬೇಕು. ಈ ಮರುದಿನದ ಕೆಲಸವನ್ನು ಬಿಟ್ಟವರ ನಳಿಗೆಗಳೇ ಮುಂದೆ ಅಗ್ಗಕ್ಕೆ ಮಾರಾಟಕ್ಕೆ ಬರುವುದು.

ಹೊಗೆರಹಿತ ಆಧುನಿಕ ಮದ್ದನ್ನು ಇದಕ್ಕೆ ಯಾವ ಪ್ರಮಾಣದಲ್ಲೂ ಹಾಕಬಾರದು, ನಳಿಗೆ ಸಿಡಿಯುತ್ತದೆ. ಹಳೆಯ ಮರದ ಗಜವನ್ನು ನೋಟಕ್ಕಷ್ಟೇ ಉಳಿಸಿಕೊಂಡು, ಕೆಲಸಕ್ಕೆ ಫೈಬರ್‌ಗ್ಲಾಸ್ ಅಥವಾ ಹಿತ್ತಾಳೆಯದನ್ನು ಬಳಸುವುದು ಕ್ಷೇಮ, ಏಕೆಂದರೆ ಸೀಳಿದ ಮರ ನೇರ ಅಂಗೈಗೆ ಹೊಗುತ್ತದೆ.

ಸಾಮಗ್ರಿಯ ಪೂರೈಕೆ ಕೆಲ ಕಾಲ ಚಿಂತೆ ಹುಟ್ಟಿಸಿತ್ತು. ಲೂಸಿಯಾನಾದ ಮಿಂಡೆನ್ನಿನ ಗೋಯೆಕ್ಸ್ ಮದ್ದಿನ ಕಾರ್ಖಾನೆಯನ್ನು ಮುಚ್ಚುವುದಾಗಿ 2021ರಲ್ಲಿ ಪ್ರಕಟಣೆ ಹೊರಬಿತ್ತು, 11ನೇ ನಂಬರಿನ ಕೇಪುಗಳೂ ಅಂಗಡಿಗಳಿಂದ ಮಾಯವಾದವು. ಮರುವರ್ಷ ಎಸ್ಟೀಸ್ ಕಂಪನಿ ಕಾರ್ಖಾನೆಯನ್ನು ಕೊಂಡಿತು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಹಳ್ಳಿಯಲ್ಲಿ ರಾಷ್ಟ್ರೀಯ ಮಜಲ್ ಲೋಡಿಂಗ್ ರೈಫಲ್ ಸಂಘದ ಸ್ಪರ್ಧೆಗಳು ನಡೆಯುವಾಗ ಬಿಡಿಭಾಗಗಳೂ ಹಳೆಯ ಕೋವಿಗಳೂ ಮಾರಾಟಕ್ಕೆ ಬರುತ್ತವೆ, ಅದರ ಜೊತೆಗೆ ಪುಕ್ಕಟೆ ಸಲಹೆಗಳೂ.

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯಿದೆಯಡಿ ಇಂಥ ಕೋವಿಯು ಪುರಾತನ ವರ್ಗಕ್ಕೆ ಸೇರುತ್ತದೆ, ಮಾಮೂಲಿ ಬಂದೂಕೆಂದು ಎಣಿಕೆಯಾಗುವುದಿಲ್ಲ, ಆದರೆ ರಾಜ್ಯಗಳ ಕಾನೂನು ಬೇರೆ ಬೇರೆ. ಊರಿಗೆ ಒಯ್ಯುವ ಆಸೆಯಿದ್ದವರು ಅದನ್ನು ಇಲ್ಲೇ ಬಿಡುವುದು ಲೇಸು: ಭಾರತದಲ್ಲಿ ಕೇಪಿನ ಕೋವಿಗೂ ಪರವಾನಗಿ ಬೇಕು, ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಬೇಕಾಗುವುದೂ ಉಂಟು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಉಳಿದವರಿಗಿಲ್ಲ.

ಕಂಪನಿಯು 2007ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ವಶಕ್ಕೆ ಹೋಗಿ, 2024ರಲ್ಲಿ ಮತ್ತೆ ಕೈ ಬದಲಾಯಿಸಿದೆ. ಹೀಗಾಗಿ ಹಿಂದಿನ ಆಜೀವ ಖಾತರಿಯನ್ನು ನಂಬಿ ಹಾಳಾದ ನಳಿಗೆಯನ್ನು ಕೊಳ್ಳಬಾರದು. ಒಳಗು ನುಣುಪಾಗಿದ್ದು ಹೊರಗೆ ಗೀಚು ಬಿದ್ದಿರುವುದೇ ಸಿಕ್ಕರೆ ಚೌಕಾಸಿ ಮಾಡಿ ಕೊಳ್ಳಿ. ಹಿತ್ತಾಳೆಯ ಥಳಕು ಬೇಡವೆನ್ನುವವರು ಇದೇ ಕಂಪನಿಯ ರೆನೆಗೇಡ್ ಮಾದರಿಯನ್ನು ನೋಡಬಹುದು: 26 ಇಂಚಿನ ನಳಿಗೆ, ಸಜ್ಜೆಲ್ಲ ಕಪ್ಪು ಉಕ್ಕು. ಅದರ .54 ಒಂದನ್ನು ನಾನೂ ಹುಡುಕುತ್ತಿದ್ದೇನೆ.