ಮಳೆಗಾಲಕ್ಕೆ ಟಾಕೊ, ಉಳಿದ ತಿಂಗಳಿಗೆ ಸಿಗಡಿ

ಮೆಕ್ಸಿಕನ್, ಸ್ಪ್ಯಾನಿಷ್ ಎರಡೂ ಒಂದೇ ಮೆನುವಿನಲ್ಲಿರುವ ಹೋಟೆಲಿಗೆ ಹೋದರೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಮಕ್ಕಳಿಗೆ ಮೆಕ್ಸಿಕೋದ ಟಾಕೊ, ಅಂದರೆ ಹೂರಣ ತುಂಬಿ ಮಡಚಿದ ರೊಟ್ಟಿ ಬೇಕು, ಅವರ ಅಪ್ಪನಿಗೆ ಸ್ಪೇನಿನ ಅನ್ನದ ಅಡುಗೆ ಪಾಯೆಯಾ. ಮಂಗಳೂರಿನಲ್ಲಿ ಎರಡನ್ನೂ ಬೇರೆ ಬೇರೆ ಕಡೆ ಸಾಕಷ್ಟು ಸಲ ತರಿಸಿ ತಿಂದ ಮೇಲೆ ನಾನೊಂದು ತೀರ್ಮಾನಕ್ಕೆ ಬಂದಿದ್ದೇನೆ: ಮಳೆಗಾಲದಲ್ಲಿ ಮೆಕ್ಸಿಕೋ, ಉಳಿದ ತಿಂಗಳುಗಳಲ್ಲಿ ಸ್ಪೇನ್. ಅದಕ್ಕೆ ಕಾರಣ ನಮ್ಮ ದಕ್ಕೆ, ಅಂದರೆ ಮೀನುಗಾರಿಕೆ ಬಂದರು.

ಜೂನ್ 1ರಿಂದ ಜುಲೈ 31ರವರೆಗೆ ಬಲೆ ಎಳೆಯುವ ಟ್ರಾಲ್ ಬೋಟುಗಳು ಕಡಲಿಗಿಳಿಯುವುದಿಲ್ಲ. ಸ್ಪ್ಯಾನಿಷ್ ಪಟ್ಟಿಯ ಒಳ್ಳೆಯ ಐಟಂಗಳೆಲ್ಲ ನಿಂತಿರುವುದು ಸಿಗಡಿ, ಬೊಂಡಾಸ್ (ಸ್ಕ್ವಿಡ್), ಮರುವಾಯಿಯ (ಚಿಪ್ಪುಮೀನು) ಮೇಲೆ. ಅದರಲ್ಲೂ ಗಾಂಬಾಸ್ ಅಲ್ ಅಹಿಯೊ. ಆಲಿವ್ ಎಣ್ಣೆಯಲ್ಲಿ ತೆಳುವಾಗಿ ಹೆಚ್ಚಿದ ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಿ, ಒಂದು ಒಣಮೆಣಸು ಮುರಿದು ಹಾಕಿ, ಸಿಗಡಿಯನ್ನು ಬಣ್ಣ ತಿರುಗುವಷ್ಟು ಹೊತ್ತು ಮಾತ್ರ ಬೇಯಿಸುತ್ತಾರೆ. ಮಣ್ಣಿನ ಪುಟ್ಟ ಬಟ್ಟಲು ಟೇಬಲಿಗೆ ಬಂದಾಗಲೂ ಎಣ್ಣೆ ಚುರುಗುಟ್ಟುತ್ತಿರಬೇಕು, ಬೆಳ್ಳುಳ್ಳಿಯ ಅಂಚು ಮಾತ್ರ ಹೊಂಬಣ್ಣಕ್ಕೆ ತಿರುಗಿರಬೇಕು, ಕಪ್ಪಾಗಿರಬಾರದು. ನಮ್ಮ ಸಿಗಡಿ ಸುಕ್ಕದಲ್ಲಿ ತೆಂಗಿನಕಾಯಿ, ಮಸಾಲೆ ಸೇರಿ ಸ್ವಲ್ಪ ಹಳೆಯ ಸಿಗಡಿಯನ್ನೂ ಕಾಪಾಡಿಬಿಡುತ್ತವೆ. ಇಲ್ಲಿ ಮರೆಮಾಚಲು ಏನೂ ಇಲ್ಲ. ತಾಜಾ ಆದರೆ ಕಚ್ಚಿದ ಕೂಡಲೇ ಸಿಹಿ, ಐಸಿನಲ್ಲಿ ದಿನಗಟ್ಟಲೆ ಬಿದ್ದದ್ದಾದರೆ ಬಾಯಲ್ಲಿ ಹಿಟ್ಟು ಹಿಟ್ಟು. ನವೆಂಬರಿನಲ್ಲಿ ತಿಂದ ಇದೇ ಬಟ್ಟಲಿನ ಎಣ್ಣೆಯನ್ನು ಬ್ರೆಡ್ಡಿನಲ್ಲಿ ಅದ್ದಿ ಅದ್ದಿ ಖಾಲಿ ಮಾಡಿದ್ದೇವೆ. ಜುಲೈಯಲ್ಲಿ ಅರ್ಧ ಉಳಿಯಿತು.

ಟಾಕೊಗೆ ಕಡಲಿನ ಹಂಗಿಲ್ಲ. ಕೋಳಿ, ಬೀನ್ಸ್ ಕಾಳು, ಟೊಮೆಟೊ, ಈರುಳ್ಳಿ, ಕೊತ್ತಂಬರಿ, ಲಿಂಬೆ ಎಲ್ಲ ವರ್ಷವಿಡೀ ಸಿಗುತ್ತವೆ, ಮಳೆ ಶುರುವಾದರೆ ಘಟ್ಟದ ಮೇಲಿಂದ ಬೆಣ್ಣೆಹಣ್ಣೂ ಬರುತ್ತದೆ. ಖಾರವಂತೂ ನಮಗೆ ಹೊಸತಲ್ಲ. ಮೆಣಸಿನಕಾಯಿಯೇ ಮೆಕ್ಸಿಕೋ ಕಡೆಯ ಬೆಳೆ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು. ಹುಳಿ, ಖಾರ ಒಟ್ಟಿಗೆ ಬೇಕೆನ್ನುವ ನಾಲಿಗೆಗೆ ಟಾಕೊ ಬೇಗ ಒಗ್ಗುತ್ತದೆ.

ಆದರೆ ಟಾರ್ಟಿಯಾ, ಅಂದರೆ ಟಾಕೊದ ರೊಟ್ಟಿ, ನೋಡಬೇಕು. ಜೋಳವನ್ನು, ಅಂದರೆ ಮುಸುಕಿನ ಜೋಳವನ್ನು, ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟು, ಸಿಪ್ಪೆ ತೊಳೆದು ರುಬ್ಬಿದ ಹಿಟ್ಟಿನಿಂದ ಮಾಡುವುದು ಅಲ್ಲಿಯ ಕ್ರಮ. ಹಾಗೆ ಮಾಡಿದರೆ ಹಿಟ್ಟಿಗೆ ಜಿಗುಟು ಬರುತ್ತದೆ, ಜೋಳದಲ್ಲಿರುವ ನಿಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುತ್ತದೆ. ಅಂಥ ಟಾರ್ಟಿಯಾ ಮಡಚಿದರೂ ಸೀಳುವುದಿಲ್ಲ, ಬಿಸಿಯಾಗಿ ಮೂಗಿನ ಹತ್ತಿರ ತಂದರೆ ಒಂದು ಮಣ್ಣಿನ ಪರಿಮಳ ಬರುತ್ತದೆ. ಇಲ್ಲಿ ಹೆಚ್ಚಿನ ಕಡೆ ನನಗೆ ಸಿಕ್ಕಿದ್ದು ಮೈದಾದ್ದು. ಮೈದಾ ತಪ್ಪೇನಲ್ಲ, ಉತ್ತರ ಮೆಕ್ಸಿಕೋದಲ್ಲಿ ಗೋಧಿಯದ್ದೇ ನಡೆಯುತ್ತದೆ, ಸುರುಳಿ ಸುತ್ತಿದ ಬುರಿಟೊಗೆ ಅದೇ ಸರಿ. ಟಾಕೊ ಹೇಳುವಾಗ ಮಾತ್ರ ಜೋಳದ್ದು ಉಂಟಾ ಎಂದು ಕೇಳಿ. ಬೆಣ್ಣೆಹಣ್ಣಿನ ಚಟ್ನಿ ಗ್ವಾಕಮೋಲೆ ಮಿಕ್ಸಿಯಲ್ಲಿ ನುಣ್ಣಗೆ ಆಗಿದ್ದರೆ, ಅದಕ್ಕೆ ಮಯೊನೀಸ್ ಸೇರಿದ್ದರೆ ನನಗೆ ಬೇಡ. ಹಣ್ಣಿನ ತುಂಡು ಬಾಯಿಗೆ ಸಿಗಬೇಕು.

ಇನ್ನು ಪಾಯೆಯಾ. ದುಡ್ಡು ಹೆಚ್ಚು, ನಿರಾಸೆಯೂ ಹೆಚ್ಚು ಇದರಲ್ಲೇ. ವಲೆನ್ಸಿಯಾದ ಈ ಅಡುಗೆಗೆ ಅಗಲವಾದ ತಟ್ಟೆ ಬಾಣಲೆ, ಸಾರನ್ನು ಚೆನ್ನಾಗಿ ಹೀರುವ ಗಿಡ್ಡ ಅಕ್ಕಿ, ಕೇಸರಿ ಬೇಕು. ಅಕ್ಕಿ ಹಾಕಿದ ಮೇಲೆ ಕೈಯಾಡಿಸುವ ಹಾಗಿಲ್ಲ. ಆಗ ತಳದಲ್ಲಿ ಕಟ್ಟುವ ಕಂದು ಪದರವೇ ಸೊಕಾರಾಟ್. ಒಂದು ಕಡೆ ಹೇಳಿದ ಹತ್ತೇ ನಿಮಿಷಕ್ಕೆ ತಂದಿಟ್ಟರು: ಅರಿಶಿನದ ಬಾಸ್ಮತಿ, ಕ್ಯಾಪ್ಸಿಕಂ, ಮೇಲೆ ನಾಲ್ಕು ಸಿಗಡಿ. ಅದು ಪಲಾವ್, ಮಾರಾಯ್ರೆ. ಇನ್ನೊಂದು ಕಡೆ ಮುಕ್ಕಾಲು ಗಂಟೆ ಕಾಯಿಸಿದರು. ಚಮಚದಲ್ಲಿ ತಳ ಕೆರೆದಾಗ ಆ ಪದರ ಹಾಳೆ ಹಾಳೆಯಾಗಿ ಎದ್ದು ಬಂತು, ಟಾಕೊ ಪಕ್ಷದ ಮಕ್ಕಳೂ ಅದಕ್ಕೆ ಜಗಳಾಡಿದರು. ಹಾಗಾಗಿ ಆರ್ಡರ್ ಕೊಡುವ ಮೊದಲು ಎಷ್ಟು ಹೊತ್ತು ಬೇಕೆಂದು ಕೇಳಿ. ಬೇಗ ಆಗುತ್ತದೆ ಎಂದರೆ ಬಿಟ್ಟುಬಿಡಿ.

ಸಸ್ಯಾಹಾರಿಗಳ ಜೊತೆ ಹೋದರೆ ಯೋಚನೆಯೇ ಬೇಡ, ಮೆಕ್ಸಿಕೋ. ಚೀಸ್ ತುಂಬಿದ ರೊಟ್ಟಿ ಕೆಸಡಿಯಾ, ಬೀನ್ಸ್ ಟಾಕೊ ಎರಡರಲ್ಲೇ ಹೊಟ್ಟೆ ತುಂಬುತ್ತದೆ. ಬೀನ್ಸ್ ಬಾಡಿಸಿದ್ದು ಯಾವುದರಲ್ಲಿ ಎಂದು ಮಾತ್ರ ವಿಚಾರಿಸಿ, ಸಾಂಪ್ರದಾಯಿಕವಾಗಿ ಅದಕ್ಕೆ ಹಂದಿ ಕೊಬ್ಬು ಬಳಸುತ್ತಾರೆ. ಸ್ಪೇನಿನ ಕಡೆಯಿಂದ ಅವರಿಗೆ ಸಿಗುವುದು ಪಟಾಟಾಸ್ ಬ್ರಾವಾಸ್, ಖಾರದ ಸಾಸ್ ಹಾಕಿದ ಆಲೂಗಡ್ಡೆ. ಪಾಯೆಯಾದಿಂದ ಸಿಗಡಿ ತೆಗೆದರೆ ಅದು ಸಸ್ಯಾಹಾರ ಆಗುವುದಿಲ್ಲ, ಅಕ್ಕಿ ಬೆಂದಿರುವುದೇ ಮೀನಿನ ಅಥವಾ ಕೋಳಿಯ ಸಾರಿನಲ್ಲಿ.

ಚುರೋಸ್, ಅಂದರೆ ಹಿಟ್ಟಿನ ಕರಿದ ಸಿಹಿ ಕಡ್ಡಿ, ಎರಡೂ ದೇಶದ್ದು. ಊಟದ ಜೊತೆಗೇ ಹೇಳಬೇಡಿ, ಕೈ ತೊಳೆದ ಮೇಲೆ ಹೇಳಿ. ಎಣ್ಣೆಯಿಂದ ಆಗಷ್ಟೇ ತೆಗೆದದ್ದನ್ನು ಬಿಸಿ ಚಾಕೊಲೇಟಿನಲ್ಲಿ ಅದ್ದಿ ತಿನ್ನಬೇಕು.