ಬ್ರೇಕ್ ಪೆಡಲ್ ಗಟ್ಟಿಯಾದರೆ ಮೊದಲು ಚಕ್ರ ಬಿಚ್ಚಿಸಬೇಡಿ

ಅಕ್ಕನ ಮನೆಯ ಗೃಹಪ್ರವೇಶಕ್ಕೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ, ಹೆಂಡತಿ, ಮಗಳು. ಸುಮಾರು 60 ಕಿಲೋಮೀಟರ್ ದಾರಿ. ಹೆಬ್ಬಾಳು ಟೋಲ್ ಹತ್ತಿರ ಬರುವಾಗ ಮುಂದಿದ್ದ ಮೆಕ್ಕೆಜೋಳದ ಲಾರಿ ನಿಧಾನವಾಯಿತು. ಬ್ರೇಕ್ ಒತ್ತಿದೆ, ಹಿಡಿಯಿತು. ಬಿಟ್ಟು ಇನ್ನೊಮ್ಮೆ ಒತ್ತಿದೆ, ಅರ್ಧ ಹಿಡಿಯಿತು. ಮೂರನೇ ಸಲಕ್ಕೆ ಪೆಡಲ್ ಕೆಳಗೆ ಇಳಿಯಲೇ ಇಲ್ಲ. ಗೋಡೆಗೆ ಕಾಲು ಕೊಟ್ಟ ಹಾಗಿತ್ತು. ಸೀಟಿಗೆ ಬೆನ್ನು ಒತ್ತಿಕೊಂಡು ಎರಡೂ ಕಾಲಿನಿಂದ ತುಳಿದೆ. ಕಾರು ನಿಂತಾಗ ಲಾರಿಯ ಹಿಂಭಾಗಕ್ಕೂ ನಮಗೂ ಎರಡು ಮೊಳ ಜಾಗ ಉಳಿದಿತ್ತು. ಅಮ್ಮ ಮಾತೇ ಆಡಲಿಲ್ಲ. ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಅಷ್ಟು ಹೊತ್ತಿಗೆ ಇದೇ ಬ್ರೇಕಿಗೆ ನಾನು 11 ಸಾವಿರ ರೂಪಾಯಿ ಖರ್ಚು ಮಾಡಿಯಾಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಪೆಡಲ್ ಗಟ್ಟಿಯಾಗುವುದು ಶುರುವಾಗಿ ಎರಡು ತಿಂಗಳಾಗಿತ್ತು. ಪಿ.ಬಿ. ರಸ್ತೆಯ ಟ್ರಾಫಿಕ್‌ನಲ್ಲಿ ಮೇಲಿಂದ ಮೇಲೆ ಬ್ರೇಕ್ ಹಾಕಿದರೆ ಕಾಲು ನೋಯುತ್ತಿತ್ತು. ಗ್ಯಾರೇಜಿಗೆ ಒಯ್ದೆ. ಮುಂದಿನ ಚಕ್ರ ಬಿಚ್ಚಿ ನೋಡಿ, 'ಪ್ಯಾಡ್ ಸವೆದು ಹೋಗ್ಯಾವ್ ಸರ್, ಹಾಕ್ಸಿಬಿಡ್ರಿ' ಅಂದರು. ಹಾಕಿಸಿದೆ. ಗಟ್ಟಿ ಹಾಗೇ ಇತ್ತು. 'ಹೊಸಾವು ಅಲ್ವಾ, ಸೆಟ್ ಆಗ್ಬೇಕು' ಅಂದರು. ಹದಿನೈದು ದಿನ ಕಾದೆ. ಆಮೇಲೆ ಬ್ರೇಕ್ ಆಯಿಲ್ ಬದಲಿಸಿ ಏರ್ ತೆಗೆದರು. ಕೊನೆಗೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರನ್ನೇ ಹೊಸದು ಹಾಕಿದರು. ಪ್ರತಿ ಸಲವೂ ಒಂದು ಸುತ್ತು ಓಡಿಸಿ 'ಈಗ ಸರಿ ಆತು' ಅನ್ನುತ್ತಿದ್ದರು. ನಾನೂ ನಂಬುತ್ತಿದ್ದೆ.

ಹೊಸ ಪ್ಯಾಡ್ ಶುರುವಿನಲ್ಲಿ ಸ್ವಲ್ಪ ಕಡಿಮೆ ಹಿಡಿಯುವುದು ನಿಜ. ಆದರೆ ಅದಕ್ಕೂ ಪೆಡಲ್ ಕಲ್ಲಾಗುವುದಕ್ಕೂ ಸಂಬಂಧ ಇಲ್ಲ. ಲೈನಿನಲ್ಲಿ ಗಾಳಿ ಸೇರಿದರಂತೂ ಪೆಡಲ್ ಮೆತ್ತಗಾಗುತ್ತದೆ, ಸ್ಪಂಜಿನ ಹಾಗೆ. ನನ್ನದು ಪೂರ್ತಿ ಉಲ್ಟಾ. ಗಟ್ಟಿ ಪೆಡಲಿಗೆ ಏರ್ ತೆಗೆಯುತ್ತೇನೆ ಅಂದಾಗಲೇ ನಾನು ಯಾಕೆ ಅಂತ ಕೇಳಬೇಕಿತ್ತು.

ಟೋಲ್ ಹತ್ತಿರ ಕಾರು ಬದಿಗೆ ಹಾಕಿ, ಮನೆಯವರನ್ನು ಬಸ್ಸಿಗೆ ಹತ್ತಿಸಿದೆ. ಕಾರನ್ನು ಎಳೆಸಿಕೊಂಡು ವಾಪಸ್ ದಾವಣಗೆರೆಗೆ ಬಂದೆ. ಹದಡಿ ರಸ್ತೆ ಕಡೆ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದಾರೆ ಅಂತ ಗೆಳೆಯ ಹೇಳಿದ್ದ. ಅವರು ಜಾಕ್ ತರಲಿಲ್ಲ, ಸ್ಪ್ಯಾನರ್ ಮುಟ್ಟಲಿಲ್ಲ. ಬಾಗಿಲ ಹತ್ತಿರ ನಿಂತು, 'ಎಂಜಿನ್ ಆಫ್ ಇರ್ಲಿ. ಬ್ರೇಕ್ ನಾಕೈದ್ ಸಲ ತುಳೀರಿ. ಗಟ್ಟಿ ಆತಾ? ಹಂಗೇ ಕಾಲು ಇಟ್ಕಂಡು ಸ್ಟಾರ್ಟ್ ಮಾಡ್ರಿ' ಅಂದರು. ಮಾಡಿದೆ.

'ಪೆಡಲ್ ಕೆಳಗೆ ಇಳೀತಾ?'

'ಇಲ್ಲ ಮೇಸ್ತ್ರಿ.'

'ಹಂಗಾದ್ರೆ ಚಕ್ರದಾಗೆ ಏನೂ ಹುಡುಕೋದು ಬ್ಯಾಡ. ಬೂಸ್ಟರ್ ಕಡೆ ಐತಿ.'

ಪೆಡಲ್ ಹಿಂದೆ, ಬಾನೆಟ್ ಒಳಗೆ ತಟ್ಟೆಯಂಥ ಕಪ್ಪು ಡಬ್ಬಿ ಇರುತ್ತದೆ. ಅದೇ ಬೂಸ್ಟರ್. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಹುಟ್ಟುವ ವ್ಯಾಕ್ಯೂಮ್, ಅಂದರೆ ಎಳೆತ, ಒಂದು ದಪ್ಪ ರಬ್ಬರ್ ಪೈಪಿನಲ್ಲಿ ಅಲ್ಲಿಗೆ ಹೋಗುತ್ತದೆ. ನಮ್ಮ ಕಾಲಿನ ಬಲವನ್ನು ಹೆಚ್ಚಿಸುವುದು ಅದೇ. ಅದಕ್ಕೇ ಎಂಜಿನ್ ಸ್ಟಾರ್ಟ್ ಆದಾಗ ಒತ್ತಿ ಹಿಡಿದ ಪೆಡಲ್ ಸ್ವಲ್ಪ ಇಳಿಯಬೇಕು. ಡೀಸೆಲ್ ಕಾರಿನಲ್ಲಿ ಈ ಕೆಲಸಕ್ಕೆ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ವ್ಯಾಕ್ಯೂಮ್ ಸೋರಿದರೆ ಬ್ರೇಕಿನ ಉಳಿದದ್ದೆಲ್ಲ ಸರಿಯಿದ್ದರೂ ಬರೀ ಕಾಲಿನ ಬಲದಲ್ಲೇ ಕಾರು ನಿಲ್ಲಿಸಬೇಕು.

ಮೇಸ್ತ್ರಿ ಬಾನೆಟ್ ಎತ್ತಿಸಿದರು. ಎಂಜಿನ್ ಸಣ್ಣಗೆ ನಡುಗುತ್ತಿತ್ತು. ಆ ನಡುಕ ವಯಸ್ಸಾದ ಎಂಜಿನ್ನಿನದು ಅಂತ ನಾನು ಅಂದುಕೊಂಡಿದ್ದೆ. ಅವರು ಪೈಪಿನ ಉದ್ದಕ್ಕೂ ಬೆರಳು ಆಡಿಸುತ್ತಾ ಹೋದರು. ಎಂಜಿನ್ ಕಡೆಯ ಕ್ಲಿಪ್ಪಿನ ಪಕ್ಕ, ಪೈಪ್ ಬಾಗುವ ಜಾಗದ ಅಡಿಯಲ್ಲಿ ಬೆರಳು ನಿಂತಿತು. ಅಲ್ಲಿ ಹೆಬ್ಬೆರಳು ಒತ್ತಿದರು. ನಡುಕ ನಿಂತುಹೋಯಿತು. ಬೆರಳು ತೆಗೆದರು, ಸಣ್ಣಗೆ ಸುಯ್ ಅಂತ ಸದ್ದು, ಮತ್ತೆ ನಡುಕ. ಮೇಲಿನಿಂದ ನೋಡಿದರೆ ಕಾಣದ, ಉಗುರಿನಷ್ಟು ಉದ್ದದ ಬಿರುಕು. ಎರಡು ತಿಂಗಳು ಯಾರೂ ಅಲ್ಲಿಗೆ ಕೈ ಹಾಕಿರಲಿಲ್ಲ.

ಹೊಸ ಪೈಪಿಗೆ, ಕೂಲಿ ಸೇರಿ 700 ರೂಪಾಯಿ.

ಪೈಪ್ ಬಿಚ್ಚಿದಾಗ ಅದರಲ್ಲಿದ್ದ ಒನ್ ವೇ ವಾಲ್ವ್ ಕೂಡ ತೋರಿಸಿದರು. ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಎಂಜಿನ್ ಕಡೆಯಿಂದ ಊದಿದರೆ ಹೋಗಬಾರದು. ಎರಡೂ ಕಡೆ ಹೋದರೆ ವಾಲ್ವ್ ಕೆಟ್ಟಿದೆ. ಇದನ್ನು ಬಿಚ್ಚದೆಯೂ ಒಂದು ಮಟ್ಟಿಗೆ ತಿಳಿಯಬಹುದು. ಎಂಜಿನ್ ಎರಡು ನಿಮಿಷ ಓಡಿಸಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಬ್ರೇಕ್ ಒತ್ತಿ. ಮೊದಲ ಒಂದೆರಡು ಸಲ ಮೆತ್ತಗೆ ಇಳಿದು ಆಮೇಲೆ ಗಟ್ಟಿಯಾದರೆ ಸರಿ. ಮೊದಲ ಸಲವೇ ಗಟ್ಟಿಯಾದರೆ ಬೂಸ್ಟರಿನಲ್ಲಿ ವ್ಯಾಕ್ಯೂಮ್ ನಿಲ್ಲುತ್ತಿಲ್ಲ. ಇನ್ನು ಪೆಡಲ್ ಒತ್ತಿ ಹಿಡಿದಾಗ ಕಾಲಿನ ಹತ್ತಿರವೇ ಬುಸ್ ಅಂತ ಕೇಳುತ್ತಲೇ ಇದ್ದರೆ ಬೂಸ್ಟರ್ ಒಳಗಿನ ರಬ್ಬರ್ ಹರಿದಿರುವ ಸಾಧ್ಯತೆ ಜಾಸ್ತಿ. ಅದು ದೊಡ್ಡ ಖರ್ಚು, ಆದರೆ ಮುಂದೂಡಬೇಡಿ.

ಬಿರುಕು ಬಿಟ್ಟ ಪೈಪಿಗೆ ಟೇಪ್ ಸುತ್ತುತ್ತೇನೆ ಅಂದರೆ ಒಪ್ಪಬೇಡಿ. ಕೈಗೆ ಸಿಕ್ಕ ನೀರಿನ ಪೈಪ್ ತುಂಡು ಹಾಕುವುದೂ ಬೇಡ, ಅದು ಎಳೆತಕ್ಕೆ ಒಳಗೆ ಅಂಟಿಕೊಳ್ಳಬಹುದು. ಎಂಜಿನ್ ಸ್ಟಾರ್ಟ್ ಮಾಡಿದಾಗ ಪೆಡಲ್ ಚೆನ್ನಾಗಿ ಇಳಿದೂ ಕಾರು ನಿಲ್ಲುತ್ತಿಲ್ಲ ಅಂದರೆ ಆಗ ಚಕ್ರ ಬಿಚ್ಚಿಸಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾಮ್ ಆಗಿದೆಯಾ ನೋಡಿಸಿ.

ಓಡುವಾಗಲೇ ಪೆಡಲ್ ಗಟ್ಟಿಯಾದರೆ ನನ್ನ ಹಾಗೆ ಬಿಟ್ಟು ಬಿಟ್ಟು ತುಳಿಯಬೇಡಿ. ಒಂದೊಂದು ಸಲ ಬಿಟ್ಟಾಗಲೂ ಉಳಿದ ವ್ಯಾಕ್ಯೂಮ್ ಖಾಲಿಯಾಗುತ್ತದೆ. ಒಂದೇ ಸಲ ಪೂರ್ತಿ ಬಲ ಹಾಕಿ ಒತ್ತಿ ಹಿಡಿಯಿರಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆಯಿರಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಬಿಡುವವರನ್ನು ನಮ್ಮ ಕಡೆ ಈಗಲೂ ನೋಡುತ್ತೇನೆ. ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಅವರ ಪೆಡಲ್ ಕೂಡ ಅವತ್ತಿನ ನನ್ನ ಪೆಡಲ್ಲಿನ ಹಾಗೇ ಆಗುತ್ತದೆ.